ಮೂರು ವರ್ಷದ ಪದವಿಯೊಂದಿಗೆ ಹೊರದೇಶದ ಸ್ನಾತಕೋತ್ತರ ವ್ಯಾಸಂಗ: ಕೊಡಗಿನ ಪದವೀಧರರಿಗೆ ಒಂದು ಮಾರ್ಗದರ್ಶಿ

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ, ಕುಶಾಲನಗರದ ಕಾಲೇಜುಗಳಲ್ಲಿ ಬಿ.ಎ., ಬಿ.ಎಸ್ಸಿ., ಬಿ.ಕಾಂ., ಬಿ.ಸಿ.ಎ. ಅಥವಾ ಬಿ.ಬಿ.ಎ. ಮುಗಿಸಿ ಹೊರದೇಶದಲ್ಲಿ ಓದಲು ಬಯಸುವವರು ಅಂಕಗಳ ಬಗ್ಗೆ ಯೋಚಿಸುವಷ್ಟು ವರ್ಷಗಳ ಬಗ್ಗೆ ಯೋಚಿಸುವುದಿಲ್ಲ. ಹತ್ತನೇ ತರಗತಿಯವರೆಗೆ ಹತ್ತು, ಪಿಯುಸಿ ಎರಡು, ಪದವಿ ಮೂರು, ಒಟ್ಟು ಹದಿನೈದು ವರ್ಷಗಳ ಓದು ನಮ್ಮದು. ಕೆಲವು ದೇಶಗಳು ಸ್ನಾತಕೋತ್ತರ ಪ್ರವೇಶಕ್ಕೆ ಹದಿನಾರು ವರ್ಷಗಳನ್ನು ಕೇಳುತ್ತವೆ, ಕೆಲವು ಹದಿನೈದನ್ನೇ ಸಾಕೆನ್ನುತ್ತವೆ, ಇನ್ನು ಕೆಲವು ದೇಶಗಳಲ್ಲಿ ಒಂದು ವಿಶ್ವವಿದ್ಯಾಲಯ ಒಪ್ಪಿದ ಪದವಿಯನ್ನು ಪಕ್ಕದ ವಿಶ್ವವಿದ್ಯಾಲಯ ಒಪ್ಪುವುದಿಲ್ಲ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದವರದೂ ಎಂಜಿನಿಯರಿಂಗ್ ಓದಿದವರದೂ ನಾಲ್ಕು ವರ್ಷದ ಪದವಿಯಾದ್ದರಿಂದ ಈ ತೊಡಕು ಅವರಿಗಿಲ್ಲ. ಉಳಿದವರು ಅರ್ಜಿ ಶುಲ್ಕವೆಂದು ಒಂದು ರೂಪಾಯಿ ಕಟ್ಟುವ ಮೊದಲೇ ತಮ್ಮ ಪದವಿಯನ್ನು ಎಲ್ಲಿ ಹೇಗೆ ಎಣಿಸುತ್ತಾರೆಂಬುದನ್ನು ಬರಹದಲ್ಲಿ ತಿಳಿದುಕೊಳ್ಳಬೇಕು. ಈ ಲೇಖನದ ಮುಖ್ಯ ಸಲಹೆ ಇದೇ, ಮುಂದಿನ ಹಂತಗಳೆಲ್ಲ ಇದನ್ನೇ ಅನುಸರಿಸಿ ಬರುತ್ತವೆ.

ಮೊದಲ ಹಂತ: ನಿಮ್ಮ ಪದವಿ ಯಾವುದೆಂದು ಖಚಿತಪಡಿಸಿಕೊಳ್ಳಿ

ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ಕರ್ನಾಟಕದ ಪದವಿ ಕಾಲೇಜುಗಳಿಗೆ ಹೊಸ ಪಠ್ಯಕ್ರಮ ಬಂದಿತು. 2024ರ ಮೇ ತಿಂಗಳ ಸರ್ಕಾರಿ ಆದೇಶದ ಪ್ರಕಾರ 2024-25ರಿಂದ ಸೇರಿದವರಿಗೆ ಮತ್ತೆ ಮೂರು ವರ್ಷದ ಪದವಿಯೇ ಜಾರಿಗೆ ಬಂದಿದೆ. ನಡುವಿನ ಮೂರು ತಂಡಗಳಿಗೆ, ಎಂದರೆ 2021-22ರಿಂದ 2023-24ರವರೆಗೆ ಸೇರಿದವರಿಗೆ, ಮೂರು ವರ್ಷಕ್ಕೆ ಪದವಿ ಪಡೆದು ಹೊರಬರುವ ಇಲ್ಲವೇ ನಾಲ್ಕನೆಯ ವರ್ಷ ಓದಿ ಆನರ್ಸ್ ಪಡೆಯುವ ಆಯ್ಕೆ ಇತ್ತು. ನೀವು ಈ ತಂಡಗಳಿಗೆ ಸೇರಿದವರಾಗಿದ್ದು ಮೂರನೆಯ ವರ್ಷಕ್ಕೇ ಹೊರಬಂದಿದ್ದರೆ ನಿಮ್ಮದು ಪೂರ್ಣ ಪದವಿಯೇ. ಆದರೂ ನಾಲ್ಕು ವರ್ಷದ ಓದನ್ನು ನಡುವೆ ಬಿಟ್ಟವರೆಂದು ಹೊರದೇಶದ ಪ್ರವೇಶ ವಿಭಾಗದವರು ತಪ್ಪಾಗಿ ಭಾವಿಸುವ ಸಂಭವವಿದೆ. ಆದ್ದರಿಂದ ಪದವಿ ಪೂರ್ಣಗೊಂಡಿದೆ ಎಂಬ ಸ್ಪಷ್ಟ ಒಕ್ಕಣೆಯ ಪ್ರಮಾಣಪತ್ರವನ್ನು ಮೊದಲೇ ಪಡೆದಿಟ್ಟುಕೊಳ್ಳಿ.

ಎರಡನೆಯ ವಿಷಯ ವಿಶ್ವವಿದ್ಯಾಲಯದ ಹೆಸರು. ಕೊಡಗಿನ ಕಾಲೇಜುಗಳು ದೀರ್ಘಕಾಲ ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಚಿಕ್ಕ ಅಳುವಾರದ ಸ್ನಾತಕೋತ್ತರ ಕೇಂದ್ರದಲ್ಲಿ ಕೊಡಗು ವಿಶ್ವವಿದ್ಯಾಲಯ ಆರಂಭವಾದದ್ದು 2023ರಲ್ಲಿ. ಅರ್ಜಿಯಲ್ಲಿ ‘ಪದವಿ ನೀಡಿದ ಸಂಸ್ಥೆ’ ಎಂದು ಕೇಳಿದಲ್ಲಿ ಕಾಲೇಜಿನ ಹೆಸರು ಬರೆಯಬಾರದು, ಅಂಕಪಟ್ಟಿಯ ತಲೆಬರಹದಲ್ಲಿರುವ ವಿಶ್ವವಿದ್ಯಾಲಯದ ಹೆಸರನ್ನು ಅಕ್ಷರಶಃ ಬರೆಯಬೇಕು. ಪದವಿಯ ಮೌಲ್ಯಮಾಪನ ಮಾಡುವ ಹೊರದೇಶದ ಸಂಸ್ಥೆಗಳು ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿಯಾದ ನ್ಯಾಕ್‌ನ ಶ್ರೇಣಿ ಕೇಳುವಾಗಲೂ ಪದವಿ ನೀಡಿದ ವಿಶ್ವವಿದ್ಯಾಲಯದ ಶ್ರೇಣಿಯನ್ನೇ ಕೇಳುತ್ತವೆ. ಕಾಲೇಜಿಗೆ ಒಂದು ಶ್ರೇಣಿ, ವಿಶ್ವವಿದ್ಯಾಲಯಕ್ಕೆ ಇನ್ನೊಂದು ಇರಬಹುದು, ಅದು ವರ್ಷದಿಂದ ವರ್ಷಕ್ಕೆ ಬದಲಾಗಲೂಬಹುದು. ನೀವು ಓದಿದ ಅವಧಿಯಲ್ಲಿ ಯಾವ ಶ್ರೇಣಿ ಇತ್ತೆಂಬುದನ್ನು ನ್ಯಾಕ್ ಜಾಲತಾಣದಿಂದ ತೆಗೆದು ಮುದ್ರಿಸಿಟ್ಟುಕೊಳ್ಳಿ.

ಎರಡನೆಯ ಹಂತ: ಯಾವ ದೇಶ ಹೇಗೆ ಎಣಿಸುತ್ತದೆ

ಬ್ರಿಟನ್ನಿನಲ್ಲಿ ಪದವಿಯೇ ಮೂರು ವರ್ಷದ್ದು, ಸ್ನಾತಕೋತ್ತರ ಸಾಮಾನ್ಯವಾಗಿ ಒಂದು ವರ್ಷದ್ದು. ನಮ್ಮ ಮೂರು ವರ್ಷದ ಪದವಿಯನ್ನು ಅಲ್ಲಿನ ಬಹುತೇಕ ವಿಶ್ವವಿದ್ಯಾಲಯಗಳು ವರ್ಷಗಳ ಲೆಕ್ಕದಲ್ಲಿ ತಕರಾರಿಲ್ಲದೆ ಸ್ವೀಕರಿಸಿ, ಶೇಕಡಾವಾರು ಅಂಕಗಳನ್ನಷ್ಟೇ ನೋಡುತ್ತವೆ. 2022ರ ಜುಲೈನಲ್ಲಿ ಭಾರತ ಮತ್ತು ಬ್ರಿಟನ್ ಪರಸ್ಪರರ ಪದವಿಗಳನ್ನು ಮಾನ್ಯ ಮಾಡುವ ಒಪ್ಪಂದಕ್ಕೆ ಸಹಿ ಹಾಕಿರುವುದರಿಂದ ಅಲ್ಲಿನ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಇಲ್ಲಿ ಬೆಲೆಯಿಲ್ಲವೆಂಬ ಹಳೆಯ ಆತಂಕವೂ ಬಹಳಮಟ್ಟಿಗೆ ದೂರವಾಗಿದೆ. ಎಂಜಿನಿಯರಿಂಗ್, ವೈದ್ಯಕೀಯದಂತಹ ವೃತ್ತಿಪರ ಪದವಿಗಳು ಮಾತ್ರ ಆ ಒಪ್ಪಂದದ ಹೊರಗಿವೆ. ಆಸ್ಟ್ರೇಲಿಯಾದಲ್ಲಿಯೂ ಸಾಮಾನ್ಯ ಪದವಿಯ ಅವಧಿ ಮೂರು ವರ್ಷ. ಆ ದೇಶದೊಂದಿಗೆ ಇಂಥದೇ ಒಪ್ಪಂದ 2023ರ ಮಾರ್ಚ್‌ನಲ್ಲಿ ಆಗಿದೆ. ಅಲ್ಲಿ ಸ್ನಾತಕೋತ್ತರ ಹೆಚ್ಚಾಗಿ ಒಂದೂವರೆಯಿಂದ ಎರಡು ವರ್ಷ ನಡೆಯುವುದರಿಂದ ಖರ್ಚು ಹೆಚ್ಚು.

ಜರ್ಮನಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಹುತೇಕ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲವೆಂಬ ಕಾರಣಕ್ಕೆ ನಮ್ಮ ಕಡೆಯ ಕುಟುಂಬಗಳಿಗೆ ಆ ದೇಶದ ಮೇಲೆ ಒಲವು ಹೆಚ್ಚುತ್ತಿದೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ಯುರೋಪಿನ ಹೊರಗಿನವರು ಸೆಮಿಸ್ಟರ್‌ಗೆ 1,500 ಯೂರೋ ಕಟ್ಟಬೇಕು, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಈಗ ಶುಲ್ಕ ವಿಧಿಸುತ್ತಿದೆ. ಅಲ್ಲಿನ ಪದವಿಯೂ ಮೂರು ವರ್ಷದ್ದೇ, ಅದರ ಮೊತ್ತ 180 ಯುರೋಪಿಯನ್ ಕ್ರೆಡಿಟ್ (ಓದಿನ ಪ್ರಮಾಣ ಅಳೆಯುವ ಏಕಮಾನ). ಆದರೂ ನಮ್ಮ ಪದವಿ ಅದಕ್ಕೆ ಸಮವೇ ಎಂಬುದು ತಾನಾಗಿ ತೀರ್ಮಾನವಾಗುವುದಿಲ್ಲ. ನಿಮ್ಮ ವಿಶ್ವವಿದ್ಯಾಲಯವೂ ಪದವಿಯೂ ಹೊರದೇಶದ ಪದವಿಗಳನ್ನು ಪಟ್ಟಿಮಾಡುವ ಅಲ್ಲಿನ ‘ಅನಾಬಿನ್’ ದತ್ತಾಂಶದಲ್ಲಿ ಹೇಗೆ ದಾಖಲಾಗಿವೆ ಎಂಬುದನ್ನು ಮೊದಲು ನೋಡಬೇಕು. ಸಂಸ್ಥೆಯ ಮುಂದೆ ‘ಎಚ್ ಪ್ಲಸ್’ ಎಂದಿದ್ದರೆ ಅದು ಮಾನ್ಯ ಸಂಸ್ಥೆ. ಅನಂತರ ಆ ನಿರ್ದಿಷ್ಟ ವಿಭಾಗ ನಿಮ್ಮ ಮುಖ್ಯ ವಿಷಯದಲ್ಲಿ ಎಷ್ಟು ಕ್ರೆಡಿಟ್ ಕೇಳುತ್ತದೆಂಬುದನ್ನು ನೋಡಬೇಕು. ಭೌತಶಾಸ್ತ್ರ, ಗಣಿತ, ರಸಾಯನಶಾಸ್ತ್ರ ಮೂರನ್ನೂ ಸಮವಾಗಿ ಓದಿದ ನಮ್ಮ ಬಿ.ಎಸ್ಸಿ. ವಿದ್ಯಾರ್ಥಿಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಒಟ್ಟು ಕ್ರೆಡಿಟ್ ಸಾಕಷ್ಟಿದ್ದರೂ ಒಂದೇ ವಿಷಯದ್ದು ಕಡಿಮೆ ಬೀಳುತ್ತದೆ. 2022ರ ನವೆಂಬರ್ 1ರಿಂದ ಭಾರತೀಯ ವಿದ್ಯಾರ್ಥಿಗಳಿಗೆ, ಅವರ ಶೈಕ್ಷಣಿಕ ದಾಖಲೆಗಳನ್ನು ಪರಿಶೀಲಿಸಿ ನೀಡುವ ‘ಎ.ಪಿ.ಎಸ್.’ ಪ್ರಮಾಣಪತ್ರ ಕಡ್ಡಾಯವಾಗಿದೆ. ಅದರ ಶುಲ್ಕ 18,000 ರೂಪಾಯಿ, ಕೈಗೆ ಬರಲು ವಾರಗಳೇ ಬೇಕಾಗುವುದರಿಂದ ಕೊನೆಯ ದಿನಾಂಕಕ್ಕಿಂತ ತಿಂಗಳುಗಳ ಮೊದಲೇ ಅರ್ಜಿ ಹಾಕಿರಬೇಕು.

ಜರ್ಮನಿಯವರು ನಮ್ಮ ಅಂಕಗಳನ್ನು ತಮ್ಮ ಅಳತೆಗೆ ತರುವ ಸೂತ್ರವನ್ನು ನೀವೇ ಹಾಕಿ ನೋಡಬಹುದು. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆದು, ಬಂದದ್ದನ್ನು ಗರಿಷ್ಠ ಮತ್ತು ಉತ್ತೀರ್ಣತೆಯ ಕನಿಷ್ಠ ಅಂಕಗಳ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸಬೇಕು. ಹತ್ತಕ್ಕೆ 7.6 ಸರಾಸರಿ, ಉತ್ತೀರ್ಣತೆಗೆ 4 ಎಂದಿಟ್ಟುಕೊಂಡರೆ ಉತ್ತರ 2.2. ಅಲ್ಲಿ 1 ಅತ್ಯುತ್ತಮ, 4 ಉತ್ತೀರ್ಣತೆಯ ಅಂಚು. ಬಹಳಷ್ಟು ಕೋರ್ಸುಗಳು 2.5ಕ್ಕಿಂತ ಉತ್ತಮವಾದದ್ದನ್ನು ಕೇಳುತ್ತವೆ.

ಯುರೋಪಿನ ಎರಡು ಮೂರು ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಎರಾಸ್ಮಸ್ ಮುಂಡಸ್ ಕೋರ್ಸುಗಳನ್ನು ನಮ್ಮ ಪದವೀಧರರು ಅಗತ್ಯವಾಗಿ ಗಮನಿಸಬೇಕು. ಮೂರು ವರ್ಷದ ಪದವಿಯನ್ನು ಅಲ್ಲಿ ಅನೇಕ ಕೋರ್ಸುಗಳು ಪರಿಗಣಿಸುತ್ತವೆ. ಆಯ್ಕೆಯಾದವರಿಗೆ ತಿಂಗಳಿಗೆ 1,400 ಯೂರೋ ವಿದ್ಯಾರ್ಥಿವೇತನ ದೊರೆಯುತ್ತದೆ, ಶುಲ್ಕದ ಭಾರವಿರುವುದಿಲ್ಲ. ಸ್ಪರ್ಧೆ ತೀವ್ರ, ನಿಜ. ಅರ್ಜಿಗಳು ಹೆಚ್ಚಾಗಿ ಅಕ್ಟೋಬರ್‌ನಿಂದ ಜನವರಿಯ ನಡುವೆ ಮುಗಿಯುತ್ತವೆ.

ಅಮೆರಿಕದ್ದು ಬೇರೆಯೇ ದಾರಿ. ಅಲ್ಲಿ ನಾಲ್ಕು ವರ್ಷದ ಪದವಿ ಅಥವಾ ತತ್ಸಮಾನ ಎಂಬುದು ಸಾಮಾನ್ಯ ಷರತ್ತು, ‘ತತ್ಸಮಾನ’ ಯಾವುದೆಂದು ನಿರ್ಧರಿಸುವ ಅಧಿಕಾರ ಆಯಾ ವಿಶ್ವವಿದ್ಯಾಲಯದ್ದು. ವರ್ಲ್ಡ್ ಎಜುಕೇಶನ್ ಸರ್ವಿಸಸ್‌ನಂತಹ ಸಂಸ್ಥೆ, ನ್ಯಾಕ್‌ನಿಂದ ‘ಎ’ ಅಥವಾ ಅದಕ್ಕೂ ಮೇಲಿನ ಶ್ರೇಣಿ ಪಡೆದ ವಿಶ್ವವಿದ್ಯಾಲಯದಲ್ಲಿ ಒಳ್ಳೆಯ ದರ್ಜೆಯೊಂದಿಗೆ ಪಡೆದ ಮೂರು ವರ್ಷದ ಪದವಿಯನ್ನು ಅಮೆರಿಕದ ಪದವಿಗೆ ಸಮಾನವೆಂದು ವರದಿ ನೀಡಬಹುದು. ಆದರೆ ಆ ವರದಿ ಕೇವಲ ಸಲಹೆ. ಅದನ್ನು ಕೈಯಲ್ಲಿ ಹಿಡಿದು ಹೋದವರಿಗೂ ಬಾಗಿಲು ಮುಚ್ಚಬಹುದು. ವಿಶ್ವವಿದ್ಯಾಲಯ ಒಪ್ಪುತ್ತದೆಂದು ತಿಳಿದ ಮೇಲಷ್ಟೇ ಆ ವರದಿಗೆ ಹಣ ಕಟ್ಟಿ. ವ್ಯವಹಾರ ಆಡಳಿತದ ಕೋರ್ಸುಗಳು ಈ ವಿಷಯದಲ್ಲಿ ಕೊಂಚ ಉದಾರವಾಗಿವೆ. ಕೆನಡಾದ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಯನ್ನು ಅಥವಾ ಮೂರು ವರ್ಷದ ಪದವಿಯ ಮೇಲೆ ಭಾರತದ ಸ್ನಾತಕೋತ್ತರವನ್ನು ಬಯಸುವುದೇ ಹೆಚ್ಚು.

ಮೂರನೆಯ ಹಂತ: ವಿಭಾಗಕ್ಕೆ ಪತ್ರ ಬರೆದು ಉತ್ತರ ಪಡೆಯಿರಿ

ಈ ಹಂತವನ್ನು ಬಹುತೇಕರು ದಾಟಿ ಹೋಗುತ್ತಾರೆ, ನನಗೆ ಅತ್ಯಂತ ಬೇಸರ ತರುವ ಸಂಗತಿ ಇದು. ಏಜೆಂಟರು ‘ಆಗುತ್ತದೆ’ ಎಂದದ್ದನ್ನು ನಂಬಿ ಶುಲ್ಕ ಕಟ್ಟಿದವರೂ, ಯಾರೋ ‘ಆಗುವುದಿಲ್ಲ’ ಎಂದದ್ದನ್ನು ಕೇಳಿ ಆಸೆಯನ್ನೇ ಕೈಬಿಟ್ಟವರೂ ನಮ್ಮ ನಡುವೆ ಇದ್ದಾರೆ. ಇಬ್ಬರೂ ಕೇಳಬೇಕಾದವರನ್ನು ಕೇಳಿರುವುದಿಲ್ಲ.

ಪತ್ರ ಚಿಕ್ಕದಾಗಿರಲಿ. ಒಂದು ಪತ್ರದಲ್ಲಿ ಒಂದೇ ಕೋರ್ಸಿನ ಬಗ್ಗೆ ಕೇಳಿ. ಕೋರ್ಸಿನ ಪೂರ್ಣ ಹೆಸರು, ಸೇರಬಯಸುವ ವರ್ಷ, ನಿಮ್ಮ ಓದು ಹತ್ತು, ಎರಡು, ಮೂರು ಎಂದು ಒಟ್ಟು ಹದಿನೈದು ವರ್ಷದ್ದೆಂಬುದು, ಪದವಿಯ ಹೆಸರು, ವಿಶ್ವವಿದ್ಯಾಲಯ, ಮುಗಿಸಿದ ವರ್ಷ, ಒಟ್ಟು ಶೇಕಡಾವಾರು, ಮುಖ್ಯ ವಿಷಯಗಳು, ಇಷ್ಟನ್ನು ಐದಾರು ಸಾಲಿನಲ್ಲಿ ತಿಳಿಸಿ. ಬಳಿಕ ನೇರವಾದ ಪ್ರಶ್ನೆಗಳನ್ನು ಕೇಳಿ: ಈ ಪದವಿ ನಿಮ್ಮ ಕನಿಷ್ಠ ಅರ್ಹತೆಗೆ ಸಾಕೇ? ಹೊರಗಿನ ಮೌಲ್ಯಮಾಪನ ವರದಿ ಬೇಕಿದ್ದರೆ ಯಾವ ಸಂಸ್ಥೆಯದ್ದು? ಸಾಲದಿದ್ದರೆ ಭಾರತದ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾವನ್ನು ಪರಿಗಣಿಸುತ್ತೀರಾ, ಅಥವಾ ಪೂರ್ಣ ಎಂ.ಎ., ಎಂ.ಎಸ್ಸಿ.ಯೇ ಬೇಕೇ? ಅವರ ಜಾಲತಾಣದಲ್ಲಿ ಈಗಾಗಲೇ ಇರುವ ಮಾಹಿತಿಯನ್ನು ಮತ್ತೆ ಕೇಳಬೇಡಿ, ಅಂತಹ ಪತ್ರಗಳಿಗೆ ಸಿದ್ಧ ಉತ್ತರವೊಂದೇ ಬರುತ್ತದೆ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪತ್ರ ಎರಡು ಕಡೆಗೆ ಹೋಗಬೇಕು. ವಿಭಾಗದ ಪ್ರಾಧ್ಯಾಪಕರು ನಿಮ್ಮನ್ನು ಮೆಚ್ಚಿ ಶಿಫಾರಸು ಮಾಡಿದರೂ ಕನಿಷ್ಠ ಅರ್ಹತೆಯನ್ನು ಪರಿಶೀಲಿಸುವುದು ಇಡೀ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರವೇಶ ಕಚೇರಿ. ವಿಭಾಗ ಒಪ್ಪಿ ಕಚೇರಿ ಒಪ್ಪದಿದ್ದರೆ ಪ್ರವೇಶವಿಲ್ಲ. ಎರಡು ವಾರದಲ್ಲಿ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ. ಬಂದ ಉತ್ತರವನ್ನು ದಿನಾಂಕ, ಬರೆದವರ ಹುದ್ದೆಯೊಂದಿಗೆ ಉಳಿಸಿಕೊಳ್ಳಿ, ಮುಂದೆ ಅರ್ಜಿ ತಿರಸ್ಕೃತವಾಗುವ ಸೂಚನೆ ಕಂಡರೆ ನಿಮ್ಮ ಬಳಿ ತೋರಿಸಲು ಇರುವ ಆಧಾರ ಅದೊಂದೇ.

ನಾಲ್ಕನೆಯ ಹಂತ: ಒಂದು ವರ್ಷ ಕೊರತೆ ಬಿದ್ದರೆ

ಕೊರತೆ ತುಂಬುವ ಅತ್ಯಂತ ಗಟ್ಟಿ ದಾರಿ ನಮ್ಮಲ್ಲಿಯೇ ಎರಡು ವರ್ಷದ ಸ್ನಾತಕೋತ್ತರ ಪದವಿ ಮಾಡುವುದು. ಆಗ ಒಟ್ಟು ಹದಿನೇಳು ವರ್ಷಗಳಾಗಿ ವರ್ಷಗಳ ಪ್ರಶ್ನೆಯೇ ಉಳಿಯುವುದಿಲ್ಲ, ನೇರವಾಗಿ ಪಿಎಚ್.ಡಿ.ಗೂ ಅರ್ಜಿ ಹಾಕಬಹುದು. ಸಂಶೋಧನೆಯಲ್ಲಿ ನಿಜವಾದ ಆಸಕ್ತಿ ಇರುವವರಿಗೆ ನಾನು ಹಿಂಜರಿಕೆಯಿಲ್ಲದೆ ಸೂಚಿಸುವ ದಾರಿ ಇದು. ಎರಡು ವರ್ಷ ವ್ಯರ್ಥವಾಯಿತೆಂದು ಮನೆಯವರು ಬೇಸರಿಸಬೇಕಾಗಿಲ್ಲ. ಒಂದು ವರ್ಷದ ಡಿಪ್ಲೊಮಾ ಕೆಲವೆಡೆ ನಡೆಯುತ್ತದೆ, ಕೆಲವೆಡೆ ನಡೆಯುವುದಿಲ್ಲ. ಮೂರನೆಯ ಹಂತದ ಉತ್ತರ ಕೈಗೆ ಬರುವ ಮೊದಲು ಅದಕ್ಕೆ ಸೇರಬೇಡಿ.

ಕೆಲಸದ ಅನುಭವ ವರ್ಷಗಳ ಲೆಕ್ಕವನ್ನು ತುಂಬುವುದಿಲ್ಲ, ಆದರೆ ಅರ್ಜಿಗೆ ತೂಕ ಕೊಡುತ್ತದೆ. ಈ ದೃಷ್ಟಿಯಿಂದ ನಮ್ಮ ಜಿಲ್ಲೆಯವರಿಗೆ ಒಳ್ಳೆಯ ಅನುಕೂಲವಿದೆ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವೂ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವೂ ಇವೆ, ಅಪ್ಪಂಗಳದಲ್ಲಿ ಏಲಕ್ಕಿ ಸಂಶೋಧನಾ ಕೇಂದ್ರವಿದೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಪರಿಸರ ವಿಜ್ಞಾನ ಓದಿದವರು ಇಂತಹ ಕಡೆ ತರಬೇತಿಗೋ ಯೋಜನಾ ಸಹಾಯಕರ ಕೆಲಸಕ್ಕೋ ಅವಕಾಶವಿದೆಯೇ ಎಂದು ವಿಚಾರಿಸಬೇಕು. ಕಾಫಿ ತೋಟದ ನೆರಳಿನ ಮರಗಳ ಬಗ್ಗೆ, ದೇವರಕಾಡುಗಳ ಬಗ್ಗೆ, 2018ರ ಭೂಕುಸಿತದ ಬಳಿಕ ಇಳಿಜಾರಿನಲ್ಲಿ ಬೆಳೆದ ಗಿಡಗಳ ಬಗ್ಗೆ ಸ್ವತಃ ಕಂಡು ಬರೆದ ಇಪ್ಪತ್ತು ಪುಟದ ವರದಿಗೆ, ಬೇರೆಲ್ಲೋ ಕುಳಿತು ಪಡೆದ ಹತ್ತು ಆನ್‌ಲೈನ್ ಪ್ರಮಾಣಪತ್ರಗಳಿಗಿಂತ ಹೆಚ್ಚಿನ ಬೆಲೆಯಿದೆ.

ಐದನೆಯ ಹಂತ: ಕಾಗದಪತ್ರ

ಮೊದಲು ಹೆಸರನ್ನು ಸರಿಪಡಿಸಿಕೊಳ್ಳಿ. ಕೊಡವರಲ್ಲಿಯೂ ಅರೆಭಾಷೆ ಗೌಡರಲ್ಲಿಯೂ ಮನೆತನದ ಹೆಸರು ಮೊದಲು ಬರುವ ರೂಢಿಯಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮನೆತನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳು ಮುಂದಿರುತ್ತವೆ, ಪದವಿ ಅಂಕಪಟ್ಟಿಯಲ್ಲಿ ಅವೇ ಅಕ್ಷರಗಳು ಹಿಂದಕ್ಕೆ ಹೋಗಿರುತ್ತವೆ, ಪಾಸ್‌ಪೋರ್ಟ್‌ನಲ್ಲಿ ಎಲ್ಲವೂ ಬಿಡಿಸಿ ಬರೆದಿರುತ್ತದೆ. ನಮಗೆ ಇದು ಒಬ್ಬರದೇ ಹೆಸರೆಂದು ನೋಡಿದೊಡನೆ ತಿಳಿಯುತ್ತದೆ, ಹೊರದೇಶದ ಗುಮಾಸ್ತರಿಗೆ ಮೂವರು ಬೇರೆ ವ್ಯಕ್ತಿಗಳಂತೆ ಕಾಣುತ್ತದೆ. ಪಾಸ್‌ಪೋರ್ಟ್ ಇನ್ನೂ ಮಾಡಿಸದವರು ಸ್ವಂತ ಹೆಸರು, ಮನೆತನದ ಹೆಸರು ಎಂಬ ಎರಡು ಅಂಕಣಗಳನ್ನೂ ತುಂಬಿಸಿ. ಪೂರ್ಣ ಹೆಸರು ಮನೆತನದ ಅಂಕಣದಲ್ಲಿಯೇ ಇದ್ದು ಸ್ವಂತ ಹೆಸರಿನ ಅಂಕಣ ಖಾಲಿ ಉಳಿದರೆ ಅಮೆರಿಕದ ವೀಸಾದಲ್ಲಿ ಆ ಜಾಗದಲ್ಲಿ ‘ಎಫ್.ಎನ್.ಯು.’ (ಮೊದಲ ಹೆಸರು ಗೊತ್ತಿಲ್ಲ) ಎಂಬ ಅಕ್ಷರಗಳು ಬಂದು ಕುಳಿತು ಮುಂದೆ ಎಲ್ಲ ದಾಖಲೆಗಳಲ್ಲಿ ಹಿಂಬಾಲಿಸುತ್ತವೆ. ಈಗಾಗಲೇ ವ್ಯತ್ಯಾಸವಿದ್ದರೆ ಎಲ್ಲ ರೂಪಗಳೂ ಒಬ್ಬರವೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ, ಪ್ರತಿ ಅರ್ಜಿಯೊಂದಿಗೂ ಲಗತ್ತಿಸಿ.

ಅಂಕಪಟ್ಟಿ ಬೇರೆ, ಟ್ರಾನ್ಸ್‌ಕ್ರಿಪ್ಟ್ ಬೇರೆ. ಎಲ್ಲ ಸೆಮಿಸ್ಟರ್‌ಗಳ ವಿಷಯ, ಅಂಕ, ಕ್ರೆಡಿಟ್‌ಗಳನ್ನು ಒಟ್ಟಿಗೆ ನಮೂದಿಸಿ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗ ಸಹಿ, ಮೊಹರಿನೊಂದಿಗೆ ನೀಡುವ ಪತ್ರ ಟ್ರಾನ್ಸ್‌ಕ್ರಿಪ್ಟ್. ಮಂಗಳೂರು ವಿಶ್ವವಿದ್ಯಾಲಯದ ಪದವೀಧರರು ಅದಕ್ಕಾಗಿ ಕೊಣಾಜೆಯ ಮಂಗಳಗಂಗೋತ್ರಿಯನ್ನು ಸಂಪರ್ಕಿಸಬೇಕು. ಅಲ್ಲಿಗೆ ಖುದ್ದಾಗಿ ಹೋಗುವುದಾದರೆ ಜೂನ್‌ಗೆ ಮೊದಲೇ ಮುಗಿಸಿಕೊಳ್ಳುವುದು ಕ್ಷೇಮ, ಮಳೆಗಾಲದಲ್ಲಿ ಸಂಪಾಜೆ ರಸ್ತೆ ಯಾವಾಗ ಬಂದ್ ಆಗುತ್ತದೆಂದು ಹೇಳಲಾಗದು. ಒಂದರ ಬದಲು ಹಲವು ಪ್ರತಿಗಳನ್ನು, ಪ್ರತಿಯೊಂದನ್ನೂ ಪ್ರತ್ಯೇಕ ಮೊಹರು ಹಾಕಿದ ಲಕೋಟೆಯಲ್ಲಿ ಪಡೆಯಿರಿ, ಆ ಲಕೋಟೆಗಳನ್ನು ನೀವು ಒಡೆಯಬೇಡಿ. ಪಠ್ಯಕ್ರಮದ ಪ್ರತಿಯನ್ನೂ ಕಾಲೇಜಿನಿಂದ ಪಡೆದಿಡಿ, ಜರ್ಮನಿಯ ಅರ್ಜಿಗೆ ಅದು ಬೇಕೇಬೇಕು. ಬೋಧನಾ ಮಾಧ್ಯಮ ಇಂಗ್ಲಿಷ್ ಎಂಬ ಪತ್ರವನ್ನು ಪ್ರಾಂಶುಪಾಲರು ಕೊಡುತ್ತಾರೆ.

ಶಿಫಾರಸು ಪತ್ರಗಳ ವಿಷಯದಲ್ಲಿ ತಡಮಾಡಬಾರದು. ನಿಮಗೆ ಪಾಠ ಹೇಳಿದ ಅತಿಥಿ ಉಪನ್ಯಾಸಕರು ಮುಂದಿನ ವರ್ಷ ಅದೇ ಕಾಲೇಜಿನಲ್ಲಿ ಇರುತ್ತಾರೆಂಬ ಭರವಸೆಯಿಲ್ಲ, ಕಾಯಂ ಉಪನ್ಯಾಸಕರಿಗೂ ವರ್ಗಾವಣೆಯಾಗುತ್ತದೆ. ಕೊನೆಯ ಸೆಮಿಸ್ಟರ್ ಮುಗಿಯುವ ಮೊದಲೇ ಇಬ್ಬರು ಮೂವರನ್ನು ಕೇಳಿ ಅವರ ದೂರವಾಣಿ, ಇಮೇಲ್ ಬರೆದಿಟ್ಟುಕೊಳ್ಳಿ. ಅನೇಕ ವಿಶ್ವವಿದ್ಯಾಲಯಗಳು ಶಿಫಾರಸು ಮಾಡುವವರ ಸಂಸ್ಥೆಯ ಇಮೇಲ್ ವಿಳಾಸವನ್ನೇ ಕೇಳುತ್ತವೆ. ನಮ್ಮ ಬಹುತೇಕ ಉಪನ್ಯಾಸಕರು ಬಳಸುವುದು ಜಿಮೇಲ್. ಇಂತಹ ಸಂದರ್ಭದಲ್ಲಿ ಕಾಲೇಜಿನ ಕಚೇರಿಯ ಇಮೇಲ್‌ನಿಂದ, ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪತ್ರ ಕಳುಹಿಸಲು ಅನುಮತಿಯಿದೆಯೇ ಎಂದು ಪ್ರವೇಶ ಕಚೇರಿಯನ್ನು ಮುಂಚಿತವಾಗಿ ಕೇಳಿ.

ಆರನೆಯ ಹಂತ: ಪರೀಕ್ಷೆ ಮತ್ತು ಉದ್ದೇಶ ಪತ್ರ

ಇಂಗ್ಲಿಷ್ ಭಾಷಾ ಪರೀಕ್ಷೆಗಳಾದ ಐಇಎಲ್‌ಟಿಎಸ್, ಟೋಫೆಲ್ ಅಂಕಗಳು ಎರಡು ವರ್ಷ, ಸ್ನಾತಕೋತ್ತರ ಪ್ರವೇಶದ ಸಾಮಾನ್ಯ ಪರೀಕ್ಷೆಯಾದ ಜಿಆರ್‌ಇ ಅಂಕಗಳು ಐದು ವರ್ಷ ಚಾಲ್ತಿಯಲ್ಲಿರುತ್ತವೆ. ಕೆಲವು ಪರೀಕ್ಷೆಗಳನ್ನು ಮನೆಯಿಂದಲೇ ಬರೆಯುವ ಅವಕಾಶವಿದ್ದರೂ ವಿದ್ಯುತ್ತು, ನೆಟ್‌ವರ್ಕ್ ಎರಡೂ ಕೈಕೊಡುವ ಮಳೆಗಾಲದಲ್ಲಿ ಆ ಸಾಹಸ ಬೇಡ, ಕೇಂದ್ರಕ್ಕೆ ಹೋಗಿ ಬರೆಯಿರಿ.

ಆ ಕೋರ್ಸನ್ನು ಏಕೆ ಓದಬಯಸುತ್ತೀರೆಂದು ತಿಳಿಸುವ ಉದ್ದೇಶ ಪತ್ರದಲ್ಲಿ ಮೂರು ವರ್ಷದ ಪದವಿಗಾಗಿ ಕ್ಷಮೆ ಕೇಳುವ ಧಾಟಿ ಬೇಡ. ನೀವು ಓದಿದ ವಿಷಯಗಳಲ್ಲಿ ಯಾವುವು ಆ ಕೋರ್ಸಿಗೆ ಬುನಾದಿಯಾಗುತ್ತವೆ, ಇಲ್ಲದ ಯಾವ ಭಾಗವನ್ನು ಎಲ್ಲಿ ಹೇಗೆ ಕಲಿತುಕೊಂಡಿರಿ ಎಂಬುದನ್ನು ಒಂದು ಪರಿಚ್ಛೇದದಲ್ಲಿ ಹೆಸರು ಹೇಳಿ ಬರೆದರೆ ಸಾಕು.

ಏಳನೆಯ ಹಂತ: ಹಣ

ವಿದ್ಯಾರ್ಥಿವೇತನಗಳಿಂದ ಆರಂಭಿಸಿ. ಪರಿಶಿಷ್ಟ ಜಾತಿಯವರಿಗೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಪದವಿಯಲ್ಲಿ ಶೇ. 60 ಅಂಕ, 35ಕ್ಕಿಂತ ಕಡಿಮೆ ವಯಸ್ಸು, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗೆ ಇರಬೇಕೆಂಬುದು ಅದರ ಮುಖ್ಯ ಷರತ್ತುಗಳು. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯ ಇದೇ ಹೆಸರಿನ ಪ್ರತ್ಯೇಕ ಯೋಜನೆ ನಡೆಸುತ್ತದೆ. ಅದರ 20 ಸ್ಥಾನಗಳಲ್ಲಿ 3 ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳಿಗೆ ಮೀಸಲು, ನಮ್ಮ ಜಿಲ್ಲೆಯ ಜೇನುಕುರುಬರು ಆ ಪಟ್ಟಿಯಲ್ಲಿದ್ದಾರೆ. ಹಾಡಿಯಿಂದ ಬಂದು ಪದವಿ ಮುಗಿಸಿದ ಒಬ್ಬ ಹುಡುಗ ಅಥವಾ ಹುಡುಗಿ ನಿಮಗೆ ಗೊತ್ತಿದ್ದರೆ ದಯವಿಟ್ಟು ಈ ವಿಷಯವನ್ನು ಅವರಿಗೆ ತಲುಪಿಸಿ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಹೊರದೇಶದ ಓದಿಗೆ ನೆರವಾಗುತ್ತದೆ. ಎರಡು ವರ್ಷ, ಎಂದರೆ 2,800 ಗಂಟೆಗಳ ಕೆಲಸದ ಅನುಭವವಿರುವ ಎಲ್ಲರೂ ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಪ್ರಯತ್ನಿಸಬಹುದು.

ಸಾಲದ ಮೊತ್ತ 7.5 ಲಕ್ಷ ರೂಪಾಯಿ ಮೀರಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ತೋಟವಿದೆ, ಚಿಂತೆಯಿಲ್ಲ ಎಂದುಕೊಂಡಿರುವ ಮನೆಗಳಲ್ಲಿಯೇ ಇಲ್ಲಿ ತೊಡಕು ಹೆಚ್ಚು. ಜಮ್ಮಾ ಹಿಡುವಳಿಯ ಪಹಣಿಯಲ್ಲಿ ಪಟ್ಟೇದಾರರ, ತೀರಿಕೊಂಡ ಹಿರಿಯರ, ಒಕ್ಕದ (ಮನೆತನದ) ಇತರರ ಹೆಸರುಗಳು ಸೇರಿರುತ್ತವೆ. ಸಾಲ ಕೇಳುವವರ ಪ್ರತ್ಯೇಕ ಹಕ್ಕು ದಾಖಲೆಯಲ್ಲಿ ಕಾಣದಿದ್ದರೆ ಬ್ಯಾಂಕಿನ ವಕೀಲರು ಒಪ್ಪುವುದಿಲ್ಲ. ತಾಲ್ಲೂಕು ಕಚೇರಿಯಲ್ಲಿ ಅದನ್ನು ಸರಿಪಡಿಸಲು ಹಿಡಿಯುವ ಕಾಲಕ್ಕೆ ನಿಮ್ಮ ಪ್ರವೇಶದ ದಿನಾಂಕ ಕಾಯುವುದಿಲ್ಲ. ಅಂತಿಮ ವರ್ಷದಲ್ಲಿ ಇರುವಾಗಲೇ ಪಹಣಿ, ಋಣಭಾರ ಪ್ರಮಾಣಪತ್ರಗಳನ್ನು ತೆಗೆಸಿ ಬ್ಯಾಂಕಿನವರಿಗೆ ತೋರಿಸಿ. ಕಾಫಿ, ಮೆಣಸಿನ ಆದಾಯದ ಬಹುಪಾಲು ಕೃಷಿ ಆದಾಯವಾದ್ದರಿಂದ ಅನೇಕ ಮನೆಗಳವರು ಆದಾಯ ತೆರಿಗೆ ವಿವರ ಸಲ್ಲಿಸಿರುವುದೇ ಇಲ್ಲ. ಅಂಥವರು ಕಾಫಿ ಮಾರಿದ ಬಿಲ್ಲುಗಳು, ಬ್ಯಾಂಕ್ ಖಾತೆಯ ವಿವರ, ಲೆಕ್ಕಪರಿಶೋಧಕರ ಪ್ರಮಾಣಪತ್ರ ಮೂರನ್ನೂ ಜೋಡಿಸಿಡಬೇಕು.

ಬ್ರಿಟನ್ನಿನ ವೀಸಾಕ್ಕೆ ತೋರಿಸುವ ಹಣ ಸತತ 28 ದಿನ ಖಾತೆಯಲ್ಲಿ ಇರಬೇಕು, ಒಂದು ದಿನ ಕಡಿಮೆಯಾದರೂ ಅರ್ಜಿ ಬೀಳುತ್ತದೆ. ರೋಬಸ್ಟಾ ಕೊಯ್ಲಿನ ಹಣವನ್ನು ಇದಕ್ಕೆಂದು ಇಟ್ಟುಕೊಳ್ಳುವವರು ಆ ಅವಧಿಯಲ್ಲಿ ಕಾರ್ಮಿಕರ ಕೂಲಿಯನ್ನೂ ಗೊಬ್ಬರದ ಬಾಕಿಯನ್ನೂ ಬೇರೆ ಖಾತೆಯಿಂದ ತೀರಿಸಲಿ. ಜರ್ಮನಿಗೆ ಹೋಗುವವರು ಒಂದು ವರ್ಷದ ಖರ್ಚಿಗೆಂದು 11,904 ಯೂರೋವನ್ನು ನಿರ್ಬಂಧಿತ ಖಾತೆಯಲ್ಲಿ ಇಡಬೇಕು. ಶುಲ್ಕವಿಲ್ಲದ ದೇಶವೆಂದು ಹೊರಟವರು ಈ ಮೊತ್ತ ಕೇಳಿ ಕೊನೆಗಳಿಗೆಯಲ್ಲಿ ಪರದಾಡಬಾರದು.

ಎಂಟನೆಯ ಹಂತ: ಪ್ರವೇಶ ಪತ್ರ ಬಂದ ಮೇಲೆ

ಅಂತಿಮ ಸೆಮಿಸ್ಟರ್‌ನಲ್ಲಿ ಇರುವಾಗಲೇ ಅರ್ಜಿ ಹಾಕಿದವರಿಗೆ ಷರತ್ತುಬದ್ಧ ಪ್ರವೇಶ ದೊರೆಯುತ್ತದೆ. ಫಲಿತಾಂಶ ಬಂದು ಅಂತಿಮ ಅಂಕಪಟ್ಟಿ ಮತ್ತು ತಾತ್ಕಾಲಿಕ ಪದವಿ ಪ್ರಮಾಣಪತ್ರ ಕಳುಹಿಸಿದ ನಂತರವಷ್ಟೇ ಅದು ಪೂರ್ಣವಾಗುತ್ತದೆ. ನಮ್ಮಲ್ಲಿ ಫಲಿತಾಂಶ ತಡವಾಗುವುದು ಹೊಸದೇನಲ್ಲ. ತಡವಾಗುವ ಸೂಚನೆ ಕಂಡೊಡನೆ ಪ್ರಾಂಶುಪಾಲರಿಂದ ಪರೀಕ್ಷೆ ಮುಗಿದ ದಿನಾಂಕವನ್ನೂ ಫಲಿತಾಂಶ ನಿರೀಕ್ಷಿತ ಅವಧಿಯನ್ನೂ ತಿಳಿಸುವ ಪತ್ರ ಪಡೆದು ವಿಶ್ವವಿದ್ಯಾಲಯಕ್ಕೆ ಕಳುಹಿಸಿ, ಕೊನೆಯ ದಿನಾಂಕ ವಿಸ್ತರಿಸಲು ಅಥವಾ ಪ್ರವೇಶವನ್ನು ಮುಂದಿನ ಅವಧಿಗೆ ಸರಿಸಲು ಕೋರಿ. ಬ್ರಿಟನ್ನಿಗೆ ಆರು ತಿಂಗಳು ಮೀರಿ ಹೋಗುವವರಿಗೆ ಕ್ಷಯರೋಗ ತಪಾಸಣೆಯ ಪ್ರಮಾಣಪತ್ರ ಬೇಕು. ಅಮೆರಿಕದ ವೀಸಾ ಸಂದರ್ಶನಕ್ಕೆ ಚೆನ್ನೈ ಅಥವಾ ಹೈದರಾಬಾದಿಗೆ ಹೋಗಬೇಕಾಗುವುದರಿಂದ ದಿನಾಂಕವನ್ನು ಆದಷ್ಟು ಬೇಗ ಗೊತ್ತುಮಾಡಿಕೊಳ್ಳಿ.

ಘಟಿಕೋತ್ಸವದ ಮೂಲ ಪದವಿ ಪ್ರಮಾಣಪತ್ರ ಹೆಚ್ಚಾಗಿ ನೀವು ಹೊರಟ ಮೇಲೆಯೇ ಬರುತ್ತದೆ. ಹೊರದೇಶದ ವಿಶ್ವವಿದ್ಯಾಲಯ ಅದನ್ನು ಮೊದಲ ವರ್ಷದೊಳಗೆ ಕೇಳುವುದುಂಟು. ನಿಮ್ಮ ಪರವಾಗಿ ಅದನ್ನು ಪಡೆಯಲು ಯಾವ ಪತ್ರ, ಯಾರ ಗುರುತಿನ ಚೀಟಿ ಬೇಕೆಂದು ಪರೀಕ್ಷಾ ವಿಭಾಗದಲ್ಲಿ ಕೇಳಿ, ಅಧಿಕಾರ ಪತ್ರಕ್ಕೆ ಸಹಿ ಮಾಡಿ ಮನೆಯಲ್ಲಿ ಒಬ್ಬರ ಕೈಗೆ ಕೊಟ್ಟು ಹೊರಡಿ.